ರಿಪೇರಿ ಪುಸ್ತಕ ಎಚ್‌ಆರ್ ಮೇಜಿಗೂ ಬರಬೇಕು: ನಡೆಸುವುದು ಹೇಗೆ?

ಕೆಲಸ ಬಿಡುವವರು ತುಂಬುವ ಫಾರ್ಮಿನಲ್ಲಿ ‘ಕಾರಣ’ ಅಂತ ಒಂದು ಜಾಗ ಇರುತ್ತದೆ. ನಮ್ಮಲ್ಲಿ ಅಲ್ಲಿ ಬರೆಯುವುದು ಹೆಚ್ಚುಕಡಿಮೆ ಎರಡೇ. ಒಂದೋ ‘ಮನೆ ಕೆಲಸ’, ಇಲ್ಲ ‘ಆರೋಗ್ಯ ಸರಿ ಇಲ್ಲ’.

ನಾನು ಕಾರವಾರದ ಹತ್ತಿರದ ಒಂದು ಮೀನು ಸಂಸ್ಕರಣಾ ಘಟಕದಲ್ಲಿ ಎಚ್‌ಆರ್ (ಅಂದರೆ ನೌಕರರ ವ್ಯವಹಾರ) ಮತ್ತು ಆಡಳಿತ ಎರಡನ್ನೂ ನೋಡಿಕೊಳ್ಳುತ್ತೇನೆ. ಪಕ್ಕದಲ್ಲೇ ನಮ್ಮದೇ ಐಸ್ ಪ್ಲಾಂಟ್ ಇದೆ. ಒಂದು ಮಳೆಗಾಲದಲ್ಲಿ ಸಿಗಡಿ ಸುಲಿಯುವ ಶೆಡ್ಡಿನಿಂದ ಒಬ್ಬರ ಹಿಂದೆ ಒಬ್ಬರು ಹೆಂಗಸರು ಕೆಲಸ ಬಿಟ್ಟರು. ಎಲ್ಲರ ಫಾರ್ಮಿನಲ್ಲೂ ‘ಮನೆ ಕೆಲಸ’. ಭಾನುವಾರದ ಸಂತೆಯಲ್ಲಿ ಅವರಲ್ಲಿ ಒಬ್ಬರು ಸಿಕ್ಕರು. ತರಕಾರಿ ಚೀಲ ಕೆಳಗಿಟ್ಟು ಹೇಳಿದರು: ‘ಟಾಯ್ಲೆಟ್ಟಿಗೆ ಹೋಗೂ ದಾರಿಯ ಬಲ್ಬು ಹೋಗಿ ಎಷ್ಟು ಕಾಲ ಆಯ್ತು ಗೊತ್ತುಂಟಾ ಮೇಡಂ? ಒಳಗೆ ಚಿಲಕವೂ ಇಲ್ಲ. ಕತ್ತಲಾದ ಮೇಲೆ ಒಬ್ಬರು ಹೊರಗೆ ಕಾವಲು ನಿಂತರೆ ಇನ್ನೊಬ್ಬರು ಹೋಗಬೇಕು.’

ಅವರು ಸೂಪರ್‌ವೈಸರಿಗೆ ಹೇಳಿದ್ದರು. ಸೂಪರ್‌ವೈಸರ್ ಎಲೆಕ್ಟ್ರಿಷಿಯನ್ನಿಗೆ ಹೇಳಿದ್ದರು. ಎಲೆಕ್ಟ್ರಿಷಿಯನ್ ಏಣಿ ಕೇಳಿದ್ದರು. ಏಣಿ ಐಸ್ ಪ್ಲಾಂಟಿನಲ್ಲಿತ್ತು. ಇದರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಬಲ್ಬು, ಚಿಲಕ ಎರಡೂ ಸ್ಟೋರಿನಲ್ಲೇ ಇದ್ದವು. ಆದರೆ ವಿಷಯ ಎಲ್ಲೂ ಬರಹದಲ್ಲಿರಲಿಲ್ಲ. ನನ್ನ ಮೇಜಿಗೆ ಅದು ಬಂದದ್ದು ‘ಮನೆ ಕೆಲಸ’ದ ವೇಷ ಹಾಕಿಕೊಂಡು. ಹೊಸಬರನ್ನು ಹುಡುಕುವುದು, ಅವರ ಕೈ ಪಳಗಿಸುವುದು, ಅಲ್ಲಿಯ ತನಕ ಉಳಿದವರಿಗೆ ಓಟಿ (ಹೆಚ್ಚುವರಿ ಹೊತ್ತಿನ ಕೂಲಿ) ಕೊಡುವುದು, ಇದೆಲ್ಲ ಎಚ್‌ಆರ್ ಲೆಕ್ಕಕ್ಕೆ ಬಿತ್ತು. ಬಲ್ಬಿನ ದುಡ್ಡು ಮಾತ್ರ ಮೇಂಟೆನೆನ್ಸ್ ಲೆಕ್ಕದಲ್ಲಿ ಉಳಿತಾಯವಾಗಿ ಕಾಣಿಸಿತು.

ರಿಪೇರಿ ಕೋರಿಕೆ ಬರೆಸಿಕೊಳ್ಳುವ ಪುಸ್ತಕ ಮೇಂಟೆನೆನ್ಸ್‌ನವರ ಸ್ವಂತ ವಿಷಯ ಅಂತ ಬಹಳ ಕಡೆ ಬಿಟ್ಟಿರುತ್ತಾರೆ. ನನ್ನ ಪ್ರಕಾರ ಅದು ಜನರ ದಾಖಲೆ. ರಜೆ, ಗಾಯ, ಜಗಳ, ರಾಜೀನಾಮೆ ಎಲ್ಲದರ ಮೊದಲ ಸುಳಿವು ಅದರಲ್ಲಿ ಇರುತ್ತದೆ. ನಿಮ್ಮದು ಗೋಕರ್ಣದ ಲಾಡ್ಜ್ ಆಗಿರಲಿ, ಶಿರಸಿಯ ಅಡಿಕೆ ಗೋದಾಮು ಆಗಿರಲಿ, ಅಂಕೋಲೆಯ ನರ್ಸಿಂಗ್ ಹೋಮ್ ಆಗಿರಲಿ, ಕೆಳಗಿನದನ್ನು ನಿಮ್ಮ ಅಳತೆಗೆ ಕತ್ತರಿಸಿಕೊಳ್ಳಿ.

ಈಗ ದೂರು ಎಲ್ಲಿಗೆ ಹೋಗುತ್ತಿದೆ, ಮೊದಲು ಅದನ್ನು ನೋಡಿ

ಹೊಸ ಪದ್ಧತಿ ತರುವ ಮೊದಲು ಒಂದು ವಾರ ಸುಮ್ನೆ ಕಿವಿ ತೆರೆದು ಓಡಾಡಿ. ನಲ್ಲಿ ಸೋರಿದರೆ ಯಾರು ಯಾರಿಗೆ ಹೇಳುತ್ತಾರೆ? ನಮ್ಮಲ್ಲಿ ದೂರುಗಳು ಹರಿಯುತ್ತಿದ್ದ ಜಾಗಗಳು ಇವು: ಚಹಾದ ಹೊತ್ತು, ಎಲೆಕ್ಟ್ರಿಷಿಯನ್ನಿನ ಮೊಬೈಲು, ಗೇಟಿನ ವಾಚ್‌ಮ್ಯಾನ್, ಮತ್ತೆ ಒಂದು ವಾಟ್ಸಾಪ್ ಗುಂಪು.

ವಾಟ್ಸಾಪ್ ಗುಂಪಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಸಣ್ಣ ಸಂಸ್ಥೆಗಳಲ್ಲಿ ಅದೇ ರಿಪೇರಿ ವ್ಯವಸ್ಥೆ. ಫೋಟೋ ಹಾಕಬಹುದು, ಖರ್ಚಿಲ್ಲ, ಎಲ್ಲರಿಗೂ ಬಳಸಲು ಬರುತ್ತದೆ. ಆದರೆ ಬೆಳಿಗ್ಗೆ ಹಾಕಿದ ಸಂದೇಶ ಮಧ್ಯಾಹ್ನದೊಳಗೆ ಶುಭೋದಯ ಮತ್ತು ಹುಟ್ಟುಹಬ್ಬಗಳ ಕೆಳಗೆ ಹೂತು ಹೋಗುತ್ತದೆ. ಯಾವುದು ಮುಗಿಯಿತು, ಯಾವುದು ಬಾಕಿ ಅಂತ ಹುಡುಕಲು ಆಗುವುದಿಲ್ಲ. ಗುಂಪಿನಲ್ಲಿರುವ ಗಂಡಸರಿಗೆಲ್ಲ ಹೆಂಗಸರ ನಂಬರು ಸಿಗುತ್ತದೆ. ಮಾಲೀಕರೂ ಗುಂಪಿನಲ್ಲಿದ್ದರೆ ಮುಗಿಯಿತು, ಯಾರೂ ಬಾಯಿ ಬಿಡುವುದಿಲ್ಲ.

ಯಾರು ಹೇಳುತ್ತಾರೆ ಅನ್ನುವುದಕ್ಕಿಂತ ಯಾರು ಹೇಳುವುದೇ ಇಲ್ಲ ಎಂಬ ಪಟ್ಟಿ ಮುಖ್ಯ. ನಮ್ಮಲ್ಲಿ ಆ ಪಟ್ಟಿಯಲ್ಲಿ ಕಾಂಟ್ರಾಕ್ಟ್ ಮೇಲೆ ಬಂದವರು, ಹೊಸಬರು, ಸುಲಿಯುವ ಶೆಡ್ಡಿನ ಹೆಂಗಸರು ಮತ್ತು ಒಡಿಶಾ, ಜಾರ್ಖಂಡ್ ಕಡೆಯ ಹುಡುಗರು ಇದ್ದರು. ಶೆಡ್ಡಿನ ಮಾತು ಕೊಂಕಣಿ, ಲೋಡಿಂಗ್ ಹುಡುಗರದು ಹಿಂದಿ, ಮೇಂಟೆನೆನ್ಸ್ ಮೇಸ್ತ್ರಿಯದು ಕನ್ನಡ. ಚಿಲಕದ ವಿಷಯ ಗಂಡಸರ ಹತ್ತಿರ ಹೇಳುವುದು ಹೇಗೆ ಎಂಬ ಸಂಕೋಚ ಬೇರೆ. ವ್ಯವಸ್ಥೆ ಕಟ್ಟಬೇಕಾದ್ದು ಇವರನ್ನು ಮುಂದಿಟ್ಟುಕೊಂಡು. ಗಟ್ಟಿ ದನಿಯವರು ಯಾವ ವ್ಯವಸ್ಥೆ ಇದ್ದರೂ, ಇಲ್ಲದಿದ್ದರೂ ತಮ್ಮ ಕೆಲಸ ಮಾಡಿಸಿಕೊಳ್ಳುತ್ತಾರೆ.

ಚೀಟಿಯಲ್ಲಿ ಏನು ಕೇಳಬೇಕು

ರಿಪೇರಿ ಕೋರಿಕೆಯ ಚೀಟಿಗೆ ನಾಲ್ಕೇ ಪ್ರಶ್ನೆ ಸಾಕು. ಎಲ್ಲಿ? ಏನಾಗಿದೆ? ಇದರಿಂದ ಯಾರಿಗಾದರೂ ಈಗಲೇ ಪೆಟ್ಟಾಗಬಹುದಾ? ನಿಮಗೆ ಉತ್ತರ ಹೇಗೆ ತಲುಪಿಸಬೇಕು? ಕೊನೆಯದನ್ನು ಖಾಲಿ ಬಿಟ್ಟರೂ ಚೀಟಿ ತೆಗೆದುಕೊಳ್ಳಬೇಕು.

‘ಎಲ್ಲಿ’ ಅನ್ನುವುದು ಸುಲಭ ಅನ್ನಿಸಬಹುದು. ಆದರೆ ‘ಆ ಕಡೆಯ ನಲ್ಲಿ’ ಅಂತ ಬರೆದರೆ ಪ್ಲಂಬರ್ ಮೂರು ಕಡೆ ಸುತ್ತಿ ವಾಪಸ್ ಬರುತ್ತಾನೆ. ಹಾಗಾಗಿ ಪ್ರತಿ ಬಾಗಿಲು, ನಲ್ಲಿ, ಸ್ವಿಚ್ ಬೋರ್ಡು, ಗಟಾರದ ಮುಚ್ಚಳಕ್ಕೆ ಒಂದೊಂದು ನಂಬರು ಕೊಡಿ. ಸ್ಟಿಕ್ಕರ್ ಬೇಡ. ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ಊರು ಇದು, ಮೇಲಿಂದ ಉಪ್ಪು ಗಾಳಿ. ಸ್ಟಿಕ್ಕರ್ ಜುಲೈ ನೋಡುವುದಿಲ್ಲ. ಅಚ್ಚು ಕತ್ತರಿಸಿಟ್ಟು ಆಯಿಲ್ ಪೇಂಟಿನಲ್ಲಿ ಬರೆಸಿ.

ಗೋಡೆಗೆ ಕ್ಯೂಆರ್ ಕೋಡ್ ಅಂಟಿಸಿ ಅಂತ ಬೆಂಗಳೂರಿನಿಂದ ಬಂದವರು ಸಲಹೆ ಕೊಡುತ್ತಾರೆ. ಆಫೀಸಿಗೆ ಒಳ್ಳೆಯದೇ. ಮೀನು ಸಂಸ್ಕರಿಸುವ ಹಾಲ್‌ನೊಳಗೆ ಮೊಬೈಲು ಒಯ್ಯುವಂತೆಯೇ ಇಲ್ಲ, ಸ್ವಚ್ಛತೆಯ ನಿಯಮ. ಒಯ್ದರೂ ಗ್ಲೌಸು ಹಾಕಿದ ಒದ್ದೆ ಕೈಯಲ್ಲಿ ಸ್ಕ್ರೀನ್ ಒತ್ತುವುದು ಹೇಗೆ? ನಾವು ಮೂರು ದಾರಿ ಇಟ್ಟೆವು. ಬಟ್ಟೆ ಬದಲಿಸುವ ಕೋಣೆಯ ಒಳಗೆ ಚೀಟಿ ಡಬ್ಬಿ ಮತ್ತು ದಾರ ಕಟ್ಟಿದ ಪೆನ್ನು. ಆಫೀಸಿನ ಒಂದು ಮೊಬೈಲಿಗೆ ವಾಯ್ಸ್ ಮೆಸೇಜ್, ಯಾವ ಭಾಷೆಯಲ್ಲಾದರೂ ಸರಿ. ಇನ್ನೊಂದು, ಶೆಡ್ಡಿನಲ್ಲೇ ಕೆಲಸ ಮಾಡುವ ಒಬ್ಬ ಹಿರಿಯ ಹೆಂಗಸು. ಬರೆಯಲು ಬಾರದವರು ಅವರ ಹತ್ತಿರ ಹೇಳುತ್ತಾರೆ, ಅವರು ಬರೆಸುತ್ತಾರೆ. ಚೀಟಿಗಳಲ್ಲಿ ಹೆಚ್ಚಿನವು ಬರುವುದು ಈ ಅಕ್ಕನ ಕೈಯಿಂದಲೇ. ಅವರಿಗೆ ಈ ಕೆಲಸಕ್ಕೆ ಪ್ರತ್ಯೇಕ ಭತ್ಯೆ ಕೊಡಬೇಕು ಅಂತ ನಾನು ಹಟ ಹಿಡಿದೆ. ಕೊಡುತ್ತಿದ್ದೇವೆ. ಪುಕ್ಕಟೆ ಜವಾಬ್ದಾರಿ ಬಹಳ ದಿನ ಬಾಳುವುದಿಲ್ಲ.

ಮೂರೂ ದಾರಿಯಿಂದ ಬಂದದ್ದು ಒಂದೇ ಪುಸ್ತಕಕ್ಕೆ ಏರಬೇಕು. ಉದ್ದ ರಿಜಿಸ್ಟರ್ ಆದರೂ ಸರಿ, ಎಕ್ಸೆಲ್ ಆದರೂ ಸರಿ. ಎರಡು ಪುಸ್ತಕ ಮಾತ್ರ ಇಡಬೇಡಿ.

ಚೀಟಿಯಲ್ಲಿ ಕೇಳಬಾರದ ಪ್ರಶ್ನೆಯೂ ಒಂದಿದೆ. ‘ಯಾರಿಂದ ಹಾಳಾಯಿತು?’ ಇದನ್ನು ಅಚ್ಚು ಹಾಕಿಸಿದ ದಿನವೇ ಡಬ್ಬಿ ಖಾಲಿಯಾಗುತ್ತದೆ. ಪಗಾರದಲ್ಲಿ ಮುರಿದುಕೊಳ್ಳುತ್ತಾರೆ ಎಂಬ ಹೆದರಿಕೆ ನಮ್ಮ ಕಡೆಯ ಕೆಲಸಗಾರರಲ್ಲಿ ಬೇರೂರಿದೆ. ಹಾಳು ಮಾಡಿದ್ದಕ್ಕೆ ಪಗಾರ ಮುರಿಯುವ ಮೊದಲು ಅವರ ಮಾತು ಕೇಳಲೇಬೇಕು ಎಂದು 1936ರ ವೇತನ ಪಾವತಿ ಕಾಯ್ದೆಯಲ್ಲೇ ಇತ್ತು. 2019ರ ವೇತನ ಸಂಹಿತೆಯಲ್ಲೂ ಅದು ಹಾಗೇ ಉಳಿದಿದೆ. ಇದನ್ನು ಡಬ್ಬಿಯ ಮೇಲೆ ಕನ್ನಡ, ಕೊಂಕಣಿ, ಹಿಂದಿಯಲ್ಲಿ ಒಂದೊಂದು ಸಾಲು ಬರೆಸಿ ಹಾಕಿ: ಚೀಟಿ ಹಾಕಿದ್ದಕ್ಕೆ ಪಗಾರ ಮುರಿಯುವುದಿಲ್ಲ.

ಯಾವುದು ಮೊದಲು?

ಎಲ್ಲ ಕಡೆ ನಡೆಯುವುದು ಹೀಗೆ. ಕಂಪ್ರೆಸರ್ ನಿಂತರೆ ಹತ್ತು ಜನ ಓಡುತ್ತಾರೆ, ಐಸ್ ಕರಗಿದರೆ ದುಡ್ಡು ಕರಗುತ್ತದಲ್ಲ. ಸಾಹೇಬರ ಕ್ಯಾಬಿನ್ನಿನ ಎಸಿ ಅರ್ಧ ದಿನದಲ್ಲಿ ಸರಿಯಾಗುತ್ತದೆ. ಟಾಯ್ಲೆಟ್ಟಿನ ಚಿಲಕ ತಿಂಗಳುಗಟ್ಟಲೆ ಕಾಯುತ್ತದೆ. ಇದನ್ನು ಯಾರೂ ಕೂತು ತೀರ್ಮಾನ ಮಾಡಿರುವುದಿಲ್ಲ. ಬರೆದ ನಿಯಮ ಇಲ್ಲದಿದ್ದರೆ ಅದೇ ನಿಯಮವಾಗಿಬಿಡುತ್ತದೆ.

ನಾವು ಮೂರು ಬಣ್ಣ ಮಾಡಿಕೊಂಡೆವು. ಕೆಂಪು ಅಂದರೆ ಜನರಿಗೆ ಪೆಟ್ಟಾಗುವಂಥದ್ದು: ಅಮೋನಿಯಾ ವಾಸನೆ, ಕರೆಂಟು ಹೊಡೆಯುವ ಬೋರ್ಡು, ಬೆಲ್ಟಿನ ಮೇಲಿನ ಜಾಲರಿ ಕಳಚಿದ ಯಂತ್ರ, ಪಾಚಿ ಕಟ್ಟಿದ ಇಳಿಜಾರು, ಸಾಮಾನು ಒಟ್ಟಿ ಮುಚ್ಚಿದ ಹೊರ ಬಾಗಿಲು. ಹಳದಿ ಅಂದರೆ ಮರ್ಯಾದೆಗೆ ಸಂಬಂಧಿಸಿದ್ದು: ಕುಡಿಯುವ ನೀರು, ಟಾಯ್ಲೆಟ್ಟು, ಚಿಲಕ, ದಾರಿಯ ದೀಪ, ಬಟ್ಟೆ ಬದಲಿಸುವ ಕೋಣೆ, ಊಟದ ಜಾಗ. ಉಳಿದದ್ದೆಲ್ಲ ಹಸಿರು. ಕೆಂಪು ಆ ಕ್ಷಣ, ಹಳದಿ ಅದೇ ದಿನ, ಹಸಿರು ಕೊಟ್ಟ ತಾರೀಖಿಗೆ.

ಎಚ್‌ಆರ್ ಹಟ ಹಿಡಿಯಬೇಕಾದ್ದು ಹಳದಿಗೆ. ಕೆಂಪಿಗೆ ಎಲ್ಲರೂ ಹೆದರುತ್ತಾರೆ. ಹಳದಿಯನ್ನು ‘ಸಣ್ಣ ಪುಟ್ಟದ್ದು’ ಅಂತ ತಳ್ಳುತ್ತಾರೆ. ಕುಡಿಯುವ ನೀರು, ಟಾಯ್ಲೆಟ್ಟು, ಬೆಳಕು, ಕೈ ತೊಳೆಯುವ ಜಾಗ ಇವೆಲ್ಲ 1948ರ ಕಾರ್ಖಾನೆ ಕಾಯ್ದೆಯಲ್ಲೇ ಮಾಲೀಕರ ಹೊಣೆ. ಯಾರೋ ದೊಡ್ಡ ಮನಸ್ಸು ಮಾಡಿ ಕೊಡುವ ಸೌಲಭ್ಯವಲ್ಲ. ಆ ಕಾಯ್ದೆಯ ಜಾಗಕ್ಕೆ ಈಗ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಬಂದಿದೆ, 2025ರ ನವೆಂಬರ್ 21ರಿಂದ ಜಾರಿ. ಅದರ ಪ್ರಕಾರ ಅಪಾಯ ಕಂಡರೆ ತಿಳಿಸುವುದು ಕೆಲಸಗಾರರ ಕರ್ತವ್ಯ. ಸುರಕ್ಷತೆಯ ಮಾಹಿತಿ ಕೇಳುವುದು ಅವರ ಹಕ್ಕು. ತಿಳಿಸಿ ಅಂತ ಕಾನೂನೇ ಹೇಳಿದ ಮೇಲೆ ತಿಳಿಸಲು ಒಂದು ಜಾಗ ಕೊಡಬೇಕಲ್ಲ.

ಕೆಂಪಿನ ಬಗ್ಗೆ ಒಂದೇ ಎಚ್ಚರಿಕೆ, ಆದರೆ ಅದು ಭಾರೀ ಮುಖ್ಯ. ಕೆಂಪು ವಿಷಯಕ್ಕೆ ಚೀಟಿ ಬರೆಸಬೇಡಿ. ಮೊದಲು ಕೂಗಬೇಕು, ಬರೆಯುವುದು ಆಮೇಲೆ. ನಮ್ಮ ಕರಾವಳಿಯ ಐಸ್ ಪ್ಲಾಂಟುಗಳಲ್ಲಿ ತಂಪು ಮಾಡುವುದು ಬಹುತೇಕ ಅಮೋನಿಯಾ. ಅದರ ವಾಸನೆ ಬಹಳ ಕಡಿಮೆ ಪ್ರಮಾಣದಲ್ಲೇ ಮೂಗಿಗೆ ಬಡಿಯುತ್ತದೆ. ಆದರೆ ಅಲ್ಲೇ ನಿಂತಿದ್ದರೆ ಮೂಗು ಅದಕ್ಕೆ ಹೊಂದಿಕೊಂಡು ಬಿಡುತ್ತದೆ. ‘ವಾಸನೆ ಕಮ್ಮಿ ಆಯ್ತು’ ಅಂತ ಹಳೆಯ ಆಪರೇಟರ್ ಹೇಳಿದರೆ ನಂಬಬೇಡಿ. 300 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 300 ಪಾಲು) ಮುಟ್ಟಿದರೆ ಜೀವಕ್ಕೇ ಅಪಾಯದ ಮಟ್ಟ. ಇನ್ನೊಂದು, ಅಮೋನಿಯಾ ಗಾಳಿಗಿಂತ ಹಗುರ, ಮೇಲೆ ಹೋಗುತ್ತದೆ ಅಂತ ಎಲ್ಲರೂ ಕಲಿತಿರುತ್ತಾರೆ. ನಮ್ಮಂಥ ತೇವದ ಗಾಳಿಯಲ್ಲಿ ಅದು ಬಿಳಿ ಮೋಡವಾಗಿ ನೆಲಕ್ಕೇ ಅಂಟಿ ಹರಡಬಹುದು. ಹಾಗಾಗಿ ಯಾವ ಕಡೆಗೆ ಓಡಬೇಕು ಎಂದು ಮೊದಲೇ ಗೊತ್ತಿರಬೇಕು. ಗಾಳಿ ಬೀಸುವ ದಿಕ್ಕು ತೋರಿಸಲು ಛಾವಣಿ ಮೇಲೆ ಬಟ್ಟೆಯ ಕೊಳವೆ ಕಟ್ಟಿ. ಕಣ್ಣಿಗೆ ತಾಗಿದರೆ 15 ನಿಮಿಷವಾದರೂ ನೀರಿನಲ್ಲಿ ತೊಳೆಯುತ್ತಲೇ ಇರಬೇಕು. ಅದಕ್ಕಿರುವ ನಲ್ಲಿಯಲ್ಲಿ ನೀರು ಬರುತ್ತದಾ ಅಂತ ವಾರಕ್ಕೊಮ್ಮೆ ತಿರುಗಿಸಿ ನೋಡುವುದು ಪುಸ್ತಕದ ಕಾಯಂ ಸಾಲಾಗಿರಲಿ.

ಉತ್ತರ ಕೊಡುವ ಬಗೆ

‘ನೋಡ್ತೇವೆ’ ಎಂಬುದು ಉತ್ತರವಲ್ಲ. ನಾನು ನಾಲ್ಕು ಉತ್ತರ ಮಾತ್ರ ಒಪ್ಪುತ್ತೇನೆ. ಮಾಡಿದೆವು. ಈ ತಾರೀಖಿಗೆ ಮಾಡುತ್ತೇವೆ. ಸಾಮಾನು ಬರಬೇಕು, ಇಲ್ಲಿಂದ. ಮಾಡುವುದಿಲ್ಲ, ಈ ಕಾರಣಕ್ಕೆ.

ಕೊನೆಯದನ್ನು ಹೇಳಲು ಮ್ಯಾನೇಜರುಗಳಿಗೆ ಬಹಳ ಕಷ್ಟ. ‘ಆಗಲ್ಲ’ ಅಂದರೆ ಜನ ಸಿಟ್ಟಾಗುತ್ತಾರೆ ಅಂತ. ನಾನು ಕಂಡ ಹಾಗೆ ‘ಆಗಲ್ಲ’ಕ್ಕೆ ಒಂದು ದಿನ ಗೊಣಗುತ್ತಾರೆ. ಉತ್ತರವೇ ಬಾರದಿದ್ದರೆ ಮುಂದಿನ ಚೀಟಿಯನ್ನೇ ಹಾಕುವುದಿಲ್ಲ. ಸುಲಿಯುವ ಮೇಜುಗಳ ಎತ್ತರ ಬದಲಿಸಿ ಅಂತ ಕೇಳಿದ್ದರು. ಸ್ಟೀಲ್ ಮೇಜು, ಎಲ್ಲವನ್ನೂ ಆ ವರ್ಷ ಬದಲಿಸುವುದು ಆಗದ ಮಾತಾಗಿತ್ತು. ಹಾಗಂತಲೇ ಬರೆದು ಹಾಕಿದೆವು. ಕುಳ್ಳಗಿದ್ದವರಿಗೆ ನಿಲ್ಲಲು ಹಲಗೆ ಮಾಡಿಸಿದೆವು. ಯಾರೂ ಮುನಿಸಿಕೊಳ್ಳಲಿಲ್ಲ.

ಸಾಮಾನಿನ ವಿಷಯದಲ್ಲೂ ಬಿಚ್ಚಿ ಹೇಳಿ. ನಮಗೆ ಬೇರಿಂಗು, ಸೀಲು, ಮೋಟಾರು ವೈಂಡಿಂಗು ಅಂದರೆ ಹುಬ್ಬಳ್ಳಿ ಇಲ್ಲವೇ ಗೋವಾ. ಮಳೆಗಾಲದಲ್ಲಿ ಘಟ್ಟದ ರಸ್ತೆ ನಂಬುವ ಹಾಗಿಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದ್ ಆಯಿತು. ಮೂರು ವಾರ ಕಳೆಯುತ್ತಿದ್ದಂತೆ, ಆಗಸ್ಟ್ 7ರ ನಸುಕಿಗೆ ಮುಂಚೆ, ಕಾಳಿ ನದಿಯ ಹಳೆ ಸೇತುವೆ ಬಿತ್ತು. ಅಂಥ ಹೊತ್ತಿನಲ್ಲಿ ‘ಪಾರ್ಟು ಬರಬೇಕು’ ಎಂದಷ್ಟೇ ಹೇಳಿದರೆ ಜನ ಅದನ್ನು ನೆಪ ಅಂದುಕೊಳ್ಳುತ್ತಾರೆ. ‘ಹುಬ್ಬಳ್ಳಿಯಿಂದ ಹೊರಟಿದೆ, ಗಾಡಿ ಯಲ್ಲಾಪುರದಲ್ಲಿ ನಿಂತಿದೆ’ ಅಂದರೆ ಅವರೇ ನಾಲ್ಕು ಜನಕ್ಕೆ ವಿವರಿಸುತ್ತಾರೆ.

ಇನ್ನೊಂದು ನಿಯಮ. ಚೀಟಿ ಮುಗಿಯಿತು ಅಂತ ಗೆರೆ ಎಳೆಯುವುದು ಚೀಟಿ ಹಾಕಿದವರು, ರಿಪೇರಿ ಮಾಡಿದವರಲ್ಲ. ಹೆಸರಿಲ್ಲದ ಚೀಟಿಯಾದರೆ ಶೆಡ್ಡಿನ ಅಕ್ಕ ಹೋಗಿ ನೋಡಿ ಬಂದು ಹೇಳುತ್ತಾರೆ. ಚಿಲಕ ಹಾಕಿದ್ದಾರೆ ಸರಿ, ಅದು ಕೂಡುತ್ತದಾ? ಮಳೆಗೆ ಬಾಗಿಲು ಉಬ್ಬಿದರೆ ಹೊಸ ಚಿಲಕವೂ ಕೂಡುವುದಿಲ್ಲ. ಅದು ಗೊತ್ತಾಗುವುದು ಒಳಗೆ ಹೋದವರಿಗೇ ಅಲ್ವಾ?

ರಿಪೇರಿ ಮಾಡುವವರೂ ನೌಕರರೇ

ಕೋರಿಕೆ ವ್ಯವಸ್ಥೆ ಶುರುವಾದ ಮೊದಲ ತಿಂಗಳುಗಳಲ್ಲಿ ಚೀಟಿಗಳ ಮಳೆ ಸುರಿಯುತ್ತದೆ. ಅಷ್ಟು ದಿನ ಮುಚ್ಚಿದ್ದೆಲ್ಲ ಹೊರಗೆ ಬರುತ್ತದೆ. ಅದನ್ನೆಲ್ಲ ಹೊರುವವರು ಇಬ್ಬರೋ ಮೂವರೋ. ನಮ್ಮ ಮೇಸ್ತ್ರಿ ಒಂದು ದಿನ ನನ್ನ ಕೋಣೆಗೆ ಬಂದು ಟೂಲ್ ಚೀಲವನ್ನು ಮೇಜಿನ ಮೇಲಿಟ್ಟರು. ‘ಮೇಡಂ, ಮುಂಚೆ ದಾರಿಯಲ್ಲಿ ಸಿಕ್ಕಿದವರು ಬೈತಿದ್ರು. ಈಗ ಬರೆದು ಬೈತಾರೆ’ ಅಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ.

ಹಾಗಾಗಿ ಶುರು ಮಾಡುವ ಮೊದಲೇ ಕೆಲವು ವಿಷಯ ಗಟ್ಟಿ ಮಾಡಿಕೊಳ್ಳಿ. ರಾತ್ರಿ ಕರೆ ಬಂದರೆ ಯಾರು ಹೋಗಬೇಕು ಎಂಬುದಕ್ಕೆ ವಾರದ ಸರದಿ ಇರಲಿ. ಹೋದದ್ದಕ್ಕೆ ಓಟಿ ಇಲ್ಲವೇ ಬದಲಿ ರಜೆ ಕೊಡಿ. ಎಷ್ಟು ಚೀಟಿ ಮುಗಿಸಿದರು ಎಂಬ ಲೆಕ್ಕದಲ್ಲಿ ಅವರ ಬಡ್ತಿ, ಬೋನಸ್ ನಿರ್ಧಾರ ಮಾಡಬೇಡಿ. ಮಾಡಿದರೆ ದಿನಕ್ಕೆ ಹತ್ತು ಬಲ್ಬು ಬದಲಾಗುತ್ತದೆ, ಗಟಾರದ ಕೆಲಸ ಮುಂದಿನ ವರ್ಷಕ್ಕೆ ಹೋಗುತ್ತದೆ. ಎಣಿಸಲೇಬೇಕು ಅಂತಿದ್ದರೆ ಒಮ್ಮೆ ಸರಿ ಮಾಡಿದ್ದು ಎಷ್ಟು ಕಾಲ ತಡೆಯಿತು ಎಂದು ಎಣಿಸಿ.

ಸುರಕ್ಷತೆಯ ಮಾತೂ ಇಲ್ಲೇ ಬರಬೇಕು. ಯಂತ್ರಕ್ಕೆ ಕೈ ಹಾಕುವ ಮೊದಲು ಮೇನ್ ಬಂದ್ ಮಾಡಿ, ಅದಕ್ಕೆ ಬೀಗ ಹಾಕಿ, ‘ಕೆಲಸ ನಡೆದಿದೆ’ ಎಂಬ ಫಲಕ ನೇತುಹಾಕಿ, ಕೀಲಿ ಕೆಲಸ ಮಾಡುವವನ ಜೇಬಿನಲ್ಲಿರಬೇಕು. ಕರೆಂಟು ಹೋಗಿದೆ ಅಂತ ಬೋರ್ಡಿಗೆ ಕೈ ಹಾಕುವುದು ನಮ್ಮ ಕಡೆಯ ದೊಡ್ಡ ಚಾಳಿ. ಹೆಸ್ಕಾಂ ಕರೆಂಟು ಯಾವಾಗ ವಾಪಸ್ ಬರುತ್ತದೋ, ನಮ್ಮದೇ ಜನರೇಟರ್ ಯಾವಾಗ ಶುರುವಾಗುತ್ತದೋ ಯಾರಿಗೆ ಗೊತ್ತು? ತಗಡಿನ ಛಾವಣಿಗೆ ಮಳೆಯಲ್ಲಿ ಒಬ್ಬನೇ ಹತ್ತುವುದು ಬೇಡವೇ ಬೇಡ.

‘ಟಾಯ್ಲೆಟ್ಟು ಕಟ್ಟಿಕೊಂಡಿದೆ’ ಎಂಬ ಚೀಟಿ ಬಂದರೆ ಎಚ್‌ಆರ್ ಎದ್ದು ಹೋಗಿ ನೋಡಬೇಕು. ಯಾಕೆಂದರೆ ಮುಂದೆ ಏನಾಗುತ್ತದೆ ಅಂತ ಗೊತ್ತಿದೆ. ಯಾರೋ ಒಬ್ಬ ಕ್ಲೀನಿಂಗ್ ಹುಡುಗನಿಗೆ ನೂರಿನ್ನೂರು ಕೊಟ್ಟು ಗುಂಡಿಗೆ ಇಳಿಸುತ್ತಾರೆ. 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆಯ ಪ್ರಕಾರ ಸೆಪ್ಟಿಕ್ ಟ್ಯಾಂಕಿಗೆ ರಕ್ಷಣೆ ಇಲ್ಲದೆ ಜನರನ್ನು ಇಳಿಸಿ ತೆಗೆಸುವುದು ಅಪರಾಧ, ಮತ್ತು ಒಳಗಿನ ವಿಷಗಾಳಿಗೆ ಎರಡು ಉಸಿರು ಸಾಕು. ಹೀರುವ ಯಂತ್ರದ ಗಾಡಿ ತರಿಸಿ. ಅದು ಬರುವ ತನಕ ಬೇರೆ ಟಾಯ್ಲೆಟ್ಟು ಬಿಟ್ಟುಕೊಡಿ, ಆಫೀಸಿನದಾದರೂ ಸರಿ. ಆಫೀಸಿನವರು ಗೊಣಗಿದರೆ ಗೊಣಗಲಿ.

ತಿಂಗಳಿಗೊಮ್ಮೆ ಓದುವುದು

ಎಚ್‌ಆರ್ ನಿಜವಾಗಿ ಕೂತು ಮಾಡಬೇಕಾದ ಕೆಲಸ ಇದು. ತಿಂಗಳ ಕೊನೆಗೆ ರಿಪೇರಿ ಪುಸ್ತಕ, ಹಾಜರಿ, ರಜೆ ಅರ್ಜಿ, ಪ್ರಥಮ ಚಿಕಿತ್ಸೆಯ ಪುಸ್ತಕ, ಬಿಟ್ಟು ಹೋದವರ ಪಟ್ಟಿ, ಎಲ್ಲವನ್ನೂ ಒಂದೇ ಮೇಜಿನ ಮೇಲೆ ಹರಡಿ. ಒಂದು ವಿಭಾಗವನ್ನು ತೆಗೆದುಕೊಂಡು ಐದನ್ನೂ ಅಕ್ಕಪಕ್ಕ ಇಟ್ಟು ಓದಿ.

ನನಗೆ ಹೀಗೆ ಸಿಕ್ಕಿದ ಕೆಲವು: ಕಾಲ್ಬೆರಳಿನ ಸಂದಿ ಕೊಳೆತು ರಜೆ ಹಾಕುವವರು ಒಂದೇ ಶೆಡ್ಡಿನವರು. ಪುಸ್ತಕದಲ್ಲಿ ನೋಡಿದರೆ ಅದೇ ಶೆಡ್ಡಿನಿಂದ ‘ಗಂಬೂಟು ಒಣಗಿಸುವ ಸ್ಟ್ಯಾಂಡ್ ಮುರಿದಿದೆ’ ಎಂಬ ಹಸಿರು ಚೀಟಿ. ಅದು ಹಸಿರಲ್ಲ, ಹಳದಿ. ಲೋಡಿಂಗ್‌ನಲ್ಲಿ ಬೆನ್ನು ನೋವು ಅನ್ನುವವರು ಜಾಸ್ತಿಯಾದರು. ಟ್ರಾಲಿಯ ಚಕ್ರ ಉಪ್ಪುನೀರಿಗೆ ಹಿಡಿದುಕೊಂಡು ಹುಡುಗರು ಕ್ರೇಟನ್ನು ಕೈಯಲ್ಲೇ ಎತ್ತುತ್ತಿದ್ದರು. ಎರಡು ಪಾಳಿಯವರಿಗೆ ಪ್ರತಿ ದಿನ ಜಗಳ, ನಾನು ಇಬ್ಬರು ಸೂಪರ್‌ವೈಸರುಗಳನ್ನು ಕೂರಿಸಿ ಮಾತಾಡಿಸಿದ್ದೇ ಆಯಿತು. ಕೊನೆಗೆ ನೋಡಿದರೆ ಕೈಕಾಲು ತೊಳೆಯುವ ಕಡೆ ನಾಲ್ಕು ನಲ್ಲಿಯಲ್ಲಿ ಎರಡು ಬಂದ್. ಪಾಳಿ ಬದಲಾಗುವ ಹೊತ್ತಿಗೆ ಎಲ್ಲರೂ ಅಲ್ಲೇ ಸೇರುತ್ತಿದ್ದರು. ನಲ್ಲಿ ಸರಿಯಾಯಿತು, ಜಗಳ ತನ್ನಷ್ಟಕ್ಕೆ ತಣ್ಣಗಾಯಿತು.

ಒಂದು ವಿಭಾಗದಿಂದ ಚೀಟಿಯೇ ಬಾರದಿದ್ದರೆ ಎಲ್ಲ ಚೆನ್ನಾಗಿದೆ ಅಂದುಕೊಳ್ಳಬೇಡಿ. ಅಲ್ಲಿಯ ಸೂಪರ್‌ವೈಸರ್ ಚೀಟಿ ಹಾಕುವವರನ್ನು ಕೆಣಕುತ್ತಿರಬಹುದು. ಹೋಗಿ ಚಹಾ ಕುಡಿದು ಬನ್ನಿ.

ಒಂದೇ ನಲ್ಲಿ ಮತ್ತೆ ಮತ್ತೆ ಬಂದರೆ ಅದು ರಿಪೇರಿಯ ಹಂತ ದಾಟಿದೆ ಅಂತ ಅರ್ಥ. ಮಾಲೀಕರ ಹತ್ತಿರ ಹೋಗಬೇಕು. ಹೋಗುವಾಗ ಬರೀ ನಲ್ಲಿಯ ರೇಟು ಒಯ್ಯಬೇಡಿ. ಅದಕ್ಕೆ ಹೋದ ಕೂಲಿ, ಆ ಹೊತ್ತಿನ ಓಟಿ, ಆ ವಿಭಾಗದ ರಜೆ, ಹೊಸಬರಿಗೆ ಕೈ ಪಳಗುವ ತನಕ ಕಮ್ಮಿಯಾದ ಕಿಲೋ ಲೆಕ್ಕ, ಎಲ್ಲ ಒಂದೇ ಹಾಳೆಯಲ್ಲಿರಲಿ. ಜನರ ಕಷ್ಟದ ಬಗ್ಗೆ ಭಾಷಣ ಮಾಡಿದಾಗ ನಮ್ಮ ಸಾಹೇಬರು ಗಡಿಯಾರ ನೋಡುತ್ತಿದ್ದರು. ಹಾಳೆ ಮುಂದಿಟ್ಟಾಗ ಕನ್ನಡಕ ಹಾಕಿಕೊಂಡರು.

ಪುಸ್ತಕ ಎಲ್ಲರ ಕೈಗೂ ಸಿಗುವುದರಿಂದ ಕೆಲವು ಕೋರಿಕೆಗಳನ್ನು ಅದರಲ್ಲಿ ಬರೆಯಬಾರದು. ಮೊಣಕಾಲು ಆಪರೇಷನ್ ಆದವರಿಗೆ ಕಮೋಡು, ಬಸುರಿಗೆ ಕುರ್ಚಿ, ಅಂಗವಿಕಲರಿಗೆ ಇಳಿಜಾರು ದಾರಿ. ಅಂಗವಿಕಲರಿಗಂತೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದನ್ನು ಕೇಳುವ ಹಕ್ಕು ಕೊಟ್ಟಿದೆ. ಆದರೆ ಯಾರಿಗೆ ಏನು ಕಾಯಿಲೆ ಅಂತ ಪ್ಲಂಬರಿಗೆ ಗೊತ್ತಾಗಬೇಕಿಲ್ಲ. ಇವು ನೇರ ಎಚ್‌ಆರ್ ಹತ್ತಿರ ಬರಲಿ. ಪುಸ್ತಕಕ್ಕೆ ‘ಇಂತಿಂಥ ಕಡೆ ಇಳಿಜಾರು ಕಟ್ಟಬೇಕು’ ಎಂದಷ್ಟೇ ಹೋಗಲಿ.

ಇನ್ನು ಕೆಲವು ಚೀಟಿಗಳು ರಿಪೇರಿಯ ಹಾಗೆ ಕಾಣುತ್ತವೆ, ಆದರೆ ರಿಪೇರಿಯಲ್ಲಿ ಮುಗಿಯುವುದಿಲ್ಲ. ಬಟ್ಟೆ ಬದಲಿಸುವ ಕೋಣೆಯ ಹಲಗೆಯಲ್ಲಿ ತೂತಾಗಿದೆ ಅಂತ ಒಂದು ಚೀಟಿ ಬಂದರೆ ಬಡಗಿ ಬಂದು ತುಂಡು ಹೊಡೆದು ಹೋಗುತ್ತಾನೆ, ಪುಸ್ತಕದಲ್ಲಿ ಗೆರೆ ಬೀಳುತ್ತದೆ. ತೂತು ಯಾರು ಮಾಡಿದರು? ಹತ್ತು ಅಥವಾ ಜಾಸ್ತಿ ಜನ ಇರುವ ಕಡೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಡಿ ಆಂತರಿಕ ಸಮಿತಿ ಇರಲೇಬೇಕು. ಇಂಥ ಚೀಟಿಯ ವಿಷಯ ಆ ಸಮಿತಿಗೂ ಅದೇ ದಿನ ಹೋಗಬೇಕು. ಬಡಗಿ ಹೊಡೆಯುವ ಮೊದಲು ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಮಳೆಗೆ ಮುಂಚೆ, ಮೀನುಗಾರಿಕೆ ನಿಂತಾಗ

ನಮ್ಮ ರಿಪೇರಿ ವರ್ಷ ಏಪ್ರಿಲಿಗೆ ಶುರುವಲ್ಲ, ಮೇ ತಿಂಗಳಿಗೆ. ಹಿಂದಿನ ಮಳೆಗಾಲದ ಚೀಟಿಗಳನ್ನು ತೆಗೆದು ಎಲ್ಲೆಲ್ಲಿ ಸೋರಿತು, ಎಲ್ಲಿ ಜಾರಿ ಬಿದ್ದರು, ಎಲ್ಲಿ ನೀರು ನುಗ್ಗಿತು ಅಂತ ಪಟ್ಟಿ ಮಾಡಿ. ಅದನ್ನು ಹಿಡಿದು ಒಂದು ಸುತ್ತು ಹಾಕಿ, ಶೆಡ್ಡಿನವರನ್ನೂ ಕರೆದುಕೊಂಡು. ನೀರು ಯಾವ ಕಡೆಯಿಂದ ಬರುತ್ತದೆ ಎಂದು ನಕ್ಷೆಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಬೈತಖೋಲ ಬಂದರಿನಲ್ಲಿ ಸಾಲಾಗಿ ಕಟ್ಟಿ ನಿಲ್ಲಿಸಿರುತ್ತಾರೆ. ನಮಗೂ ಮಾಲು ಕಮ್ಮಿ. ಕಂಪ್ರೆಸರ್ ಬಿಚ್ಚುವುದು, ನೆಲಕ್ಕೆ ಹೊಸ ಕಾಂಕ್ರೀಟು ಹಾಕುವುದು, ಪೈಪು ಬದಲಿಸುವುದು ಎಲ್ಲ ಆಗ. ಇದೇ ಹೊತ್ತಿಗೆ ದಿನಗೂಲಿಯ ಹೆಂಗಸರಿಗೆ ಕೈಯಲ್ಲಿ ಕೆಲಸ ಇರುವುದಿಲ್ಲ, ಮಕ್ಕಳ ಶಾಲೆ ಶುರುವಾಗಿ ಖರ್ಚು ಮಾತ್ರ ಇರುತ್ತದೆ. ಬಣ್ಣ ಬಳಿಯುವುದು, ಕ್ರೇಟು ತೊಳೆದು ವಿಂಗಡಿಸುವುದು, ಸ್ಟೋರ್ ಪಟ್ಟಿ ಮಾಡುವುದು, ನಂಬರು ಬರೆಯುವುದು ಇವನ್ನೆಲ್ಲ ಹೊರಗಿನ ಕಾಂಟ್ರಾಕ್ಟರಿಗೆ ಕೊಡುವ ಮೊದಲು ನಮ್ಮವರನ್ನೇ ಕೇಳಿ. ಒಪ್ಪಿದವರಿಗೆ ಮಾಮೂಲಿ ಕೂಲಿಯೇ ಕೊಡಿ. ಆಗಸ್ಟಿನಲ್ಲಿ ಮೀನು ಬಂದಾಗ ಅವರು ಬೇರೆ ಕಡೆ ಹೋಗಿರುವುದಿಲ್ಲ. ಇದು ನನ್ನ ಸ್ವಂತ ಅನುಭವ, ದೊಡ್ಡ ಕಂಪನಿಗಳಲ್ಲಿ ಹೇಗೋ ಹೇಳಲಾರೆ.

ಸಾಫ್ಟ್‌ವೇರ್ ಯಾವಾಗ?

ರಿಪೇರಿ ನಿರ್ವಹಣೆಗೆ ಸಿಎಂಎಂಎಸ್ ಎಂಬ ಜಾತಿಯ ಸಾಫ್ಟ್‌ವೇರ್ ಸಿಗುತ್ತದೆ. ಕೋರಿಕೆ ತೆಗೆದುಕೊಳ್ಳುತ್ತದೆ, ಕೆಲಸ ಹಂಚುತ್ತದೆ, ಯಂತ್ರದ ಸರ್ವಿಸ್ ತಾರೀಖು ನೆನಪಿಸುತ್ತದೆ. ಒಳ್ಳೆಯದೇ. ಆದರೆ ರಿಜಿಸ್ಟರ್ ಒಂದು ಮಳೆಗಾಲ ಪೂರ್ತಿ ನಡೆದ ಮೇಲೆ ಮಾತ್ರ ಕೊಳ್ಳಿ. ಕಾಗದದಲ್ಲಿ ಉತ್ತರ ಕೊಡದ ಮ್ಯಾನೇಜರು ಕಂಪ್ಯೂಟರಿನಲ್ಲೂ ಕೊಡುವುದಿಲ್ಲ.

ಮಾರಲು ಬಂದವರಿಗೆ ಕೇಳಿ: ಕನ್ನಡದಲ್ಲಿ ಕಾಣಿಸುತ್ತದಾ? ದನಿಯಲ್ಲಿ ಹೇಳಬಹುದಾ? ನೆಟ್‌ವರ್ಕ್ ಇಲ್ಲದಾಗ ಬರೆದದ್ದು ಉಳಿಯುತ್ತದಾ? ಹೆಸರು ಮರೆಮಾಡಲು ಬರುತ್ತದಾ, ಯಾರಿಗೆ ಯಾವುದು ಕಾಣುತ್ತದೆ ಎಂಬುದನ್ನು ನಾವೇ ಬದಲಿಸಬಹುದಾ? ನಾಳೆ ನಿಮ್ಮನ್ನು ಬಿಟ್ಟರೆ ನಮ್ಮ ದಾಖಲೆ ಎಕ್ಸೆಲ್‌ನಲ್ಲಿ ವಾಪಸ್ ಸಿಗುತ್ತದಾ? ಎಲ್ಲದಕ್ಕೂ ‘ಹೌದು’ ಅನ್ನುತ್ತಾರೆ. ಹಾಗಾಗಿ ಎಸಿ ಕೋಣೆಯ ಲ್ಯಾಪ್‌ಟಾಪಿನಲ್ಲಿ ಡೆಮೊ ನೋಡಬೇಡಿ. ಪಾಳಿ ಮುಗಿದು ಹೆಂಗಸರು ಹೊರಗೆ ಬರುವ ಹೊತ್ತಿಗೆ ಮಾರಲು ಬಂದವರನ್ನು ಗೇಟಿಗೆ ಕರೆದೊಯ್ಯಿರಿ. ಆ ಹೆಂಗಸರಲ್ಲಿ ಯಾರಾದರೂ ಒಬ್ಬರ ಹಳೆಯ ಮೊಬೈಲಿನಲ್ಲಿ, ಅವರದೇ ಕೈಯಿಂದ, ‘ಶೆಡ್ 2, ನಲ್ಲಿ 14’ ಅಂತ ಒಂದು ಕೋರಿಕೆ ಹಾಕಿಸಿ. ಅದು ಮೇಸ್ತ್ರಿಯ ಫೋನಿಗೆ ಬಂದರೆ ಆಮೇಲೆ ರೇಟಿನ ಮಾತು ತೆಗೆಯಿರಿ.